ಹೊಸ್ತಿಲು ದಾಟಿದ ನಾಯಿಮರಿ

ಮನೆಗೆ ಹೊಸದಾಗಿ ನಾಯಿಮರಿ ಬಂದಿದೆ. ಮೊದಲ ದಿನ ಮಕ್ಕಳಿಗೆ ಹಬ್ಬ. ಎರಡನೆಯ ದಿನ ಬೆಳಿಗ್ಗೆ ನಡುಮನೆಯಲ್ಲೊಂದು ಪುಟ್ಟ ಕೆರೆ, ಕುರ್ಚಿಯ ಕೆಳಗೊಂದು ಗುಡ್ಡೆ. ಮೂರನೆಯ ದಿನದ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷಗಳಾಗಿರುತ್ತವೆ: ಮರಿ ತಂದವರು ಒಂದು ಕಡೆ, ನೆಲ ಒರೆಸುವವರು ಇನ್ನೊಂದು ಕಡೆ. ಮಂಡ್ಯದ ಬಳಿಯ ವಿ.ಸಿ. ಫಾರಂನ ಆಸುಪಾಸಿನ ಮನೆಯಾಗಲಿ, ಮದ್ದೂರು, ಮಳವಳ್ಳಿಗಳ ಹೊಸ ಬಡಾವಣೆಯಾಗಲಿ, ಬೆಂಗಳೂರಿನ ಹತ್ತನೆಯ ಮಹಡಿಯಾಗಲಿ, ಎಲ್ಲ ಕಡೆಯೂ ಏಳುವ ಪ್ರಶ್ನೆ ಒಂದೇ. ಇದಕ್ಕೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ?

ಎರಡು ಮೂರು ತಲೆಮಾರಿನ ಹಿಂದೆ ಇದೇ ಸೀಮೆಯ ರೈತರ ಮುಂದೆ ಈ ಪ್ರಶ್ನೆ ಇಟ್ಟಿದ್ದರೆ ಅವರು ನಕ್ಕುಬಿಡುತ್ತಿದ್ದರು. ನಾಯಿ ಇರುವುದೇ ಹೊರಗೆ. ಅದಕ್ಕೆ ಹೊರಗೆ ಹೋಗುವುದನ್ನು ಕಲಿಸುವುದೇನು ಬಂತು? ಆನೆಯನ್ನು ಪಳಗಿಸುವುದು, ಹೋರಿಯನ್ನು ನೊಗಕ್ಕೆ ಒಗ್ಗಿಸುವುದು, ಗಿಣಿಗೆ ಮಾತು ಕಲಿಸುವುದು, ಇವಕ್ಕೆಲ್ಲ ಕನ್ನಡದಲ್ಲಿ ಮಾತುಗಳಿವೆ. ನಾಯಿಮರಿಗೆ ಶೌಚದ ರೂಢಿ ಮಾಡಿಸುವ ಕೆಲಸಕ್ಕೆ ಮಾತ್ರ ಒಂದು ಹೆಸರಿಲ್ಲ. ಅಂಥದೊಂದು ಕೆಲಸವೇ ಇರಲಿಲ್ಲವಾದ್ದರಿಂದ ಹೆಸರೂ ಹುಟ್ಟಲಿಲ್ಲ. ನಾಯಿಯ ಸ್ವಭಾವ ಈ ಅವಧಿಯಲ್ಲಿ ಬದಲಾದದ್ದಲ್ಲ. ಬದಲಾದದ್ದು ಮನೆ. ಆ ಬದಲಾವಣೆಯ ಕತೆಯನ್ನು ಹೇಳಲು ಮಂಡ್ಯ ಜಿಲ್ಲೆಗಿಂತ ತಕ್ಕ ಜಾಗ ಬೇರೊಂದಿಲ್ಲ. ಏಕೆಂದರೆ ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ನಾಯಿ ಈ ಜಿಲ್ಲೆಯದೇ.

ಕಾಳಿಯ ಕಲ್ಲು

ಮದ್ದೂರು ತಾಲ್ಲೂಕಿನ ಆತಗೂರು ಶಾಸನಗಳಲ್ಲಿ ಆತಕೂರು ಎಂದು ಹೆಸರಾದ ಊರು. ಅಲ್ಲಿಯ ಚಲ್ಲೇಶ್ವರ ದೇವಾಲಯದ ಬಳಿ ದೊರೆತ ಒಂದು ವೀರಗಲ್ಲು ಕ್ರಿ.ಶ. 949-50ರ ಕಾಲದ್ದು. ಬಿ.ಎಲ್. ರೈಸ್, ಜೆ.ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಓದಿ ಪ್ರಕಟಿಸಿದ ಈ ಹಳಗನ್ನಡ ಶಾಸನವನ್ನು ಇತಿಹಾಸಕಾರರು ಸಾಮಾನ್ಯವಾಗಿ ನೆನೆಯುವುದು ತಕ್ಕೋಲಂ ಯುದ್ಧಕ್ಕಾಗಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಪರವಾಗಿ ಗಂಗರ ಇಮ್ಮಡಿ ಬೂತುಗನೂ ಚೋಳ ರಾಜಾದಿತ್ಯನ ವಿರುದ್ಧ ಹೋರಾಡಿದ ಯುದ್ಧ ಅದು. ರಾಜಾದಿತ್ಯ ಅಲ್ಲಿ ಮಡಿದ. ದಕ್ಷಿಣ ಭಾರತದ ರಾಜಕೀಯದ ದಿಕ್ಕನ್ನು ಕೆಲಕಾಲ ತಿರುಗಿಸಿದ ಈ ಘಟನೆ ಕಲ್ಲಿನ ಮೇಲೆ ದಾಖಲಾಗಿರುವುದು ನಿಜ. ಆದರೆ ಕಲ್ಲನ್ನು ನೆಟ್ಟದ್ದು ಯುದ್ಧಕ್ಕಾಗಿ ಅಲ್ಲ. ಒಂದು ನಾಯಿಗಾಗಿ.

ಬೂತುಗನ ಆಪ್ತನಾದ ಮಣಲೆರ ಎಂಬ ವೀರ ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಬೇಕಾದುದನ್ನು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆಂದು ಭೂಮಿ ಬಿಡಲಾಯಿತು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೊಡನೆ ಸೆಣಸುತ್ತಿರುವ ನಾಯಿಯ ಶಿಲ್ಪವಿದೆ. ಮಣಲೆರನ ಶೌರ್ಯಕ್ಕೆ ಬಾಳ್ಗಚ್ಚು ಎಂದು, ಅಂದರೆ ರಕ್ತ ಹತ್ತಿದ ಕತ್ತಿ ತೊಳೆದುದರ ಉಡುಗೊರೆ ಎಂದು, ಆತಕೂರು ಹನ್ನೆರಡನ್ನು ಕೊಟ್ಟದ್ದನ್ನೂ ಶಾಸನ ಹೇಳುತ್ತದೆ.

ಈ ಶಾಸನದ ಕೊನೆಯಲ್ಲಿ ಬರುವ ಒಂದು ಕಟ್ಟಳೆ ಗಮನಿಸತಕ್ಕದ್ದು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಕೂಡದು. ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ದಿನವೂ ಪೂಜೆ ಸಲ್ಲುವ ನಾಯಿ. ಆದರೂ ಪಾಪ ಹೊತ್ತ ನಾಯಿ. ಒಂದೇ ಮಾತಿನಲ್ಲಿ ಗೌರವವೂ ಇದೆ, ಅಂತರವೂ ಇದೆ. ನಾಯಿಯ ಬಗ್ಗೆ ನಮ್ಮ ಸಮಾಜ ಸಾವಿರ ವರ್ಷ ಇಟ್ಟುಕೊಂಡು ಬಂದ ಭಾವನೆಯ ಸಾರವೇ ಇದು.

ಹೊಸ್ತಿಲಿನಾಚೆಯ ಒಡನಾಡಿ

ಈ ಇಬ್ಬಗೆ ಆತಕೂರಿಗಷ್ಟೇ ಸೀಮಿತವಲ್ಲ. ನಾಯಿ ಭೈರವನ ವಾಹನ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕಾಲಭೈರವನ ಕ್ಷೇತ್ರವೆಂದೇ ಹೆಸರುವಾಸಿ. ಮೈಲಾರಲಿಂಗನ ಗೊರವಯ್ಯಗಳು ದೋಣಿಸೇವೆಯಲ್ಲಿ ನಾಯಿಗಳಂತೆ ಬೊಗಳುತ್ತ ಪ್ರಸಾದ ಸ್ವೀಕರಿಸುವುದು ಇಂದಿಗೂ ಕಾಣುವ ಆಚರಣೆ. ಧರ್ಮರಾಯನ ಜೊತೆ ಕೊನೆಯವರೆಗೂ ನಡೆದದ್ದು ನಾಯಿಯೇ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ, ಎಂದರೆ ನಾಯಿಗಳ ಬೇಟೆಯಾಟಕ್ಕೂ, ಒಂದು ಭಾಗವಿದೆ. ಆದರೂ ಅಡುಗೆಮನೆಗೆ ನಾಯಿ ನುಗ್ಗಿದರೆ ಮಡಕೆಗಳೆಲ್ಲ ಹೊರಗೆ. ಹೊಸ್ತಿಲು ಎಂಬುದು ಮನುಷ್ಯನಿಗೂ ನಾಯಿಗೂ ನಡುವಣ ಒಪ್ಪಂದದ ಗೆರೆಯಾಗಿತ್ತು.

ಆ ಗೆರೆ ದಾಟಿದ ಮರಿಗೆ ಏನಾಗುತ್ತದೆ ಎಂಬುದನ್ನು ವ್ಯಾಸಭಾರತದ ಆದಿಪರ್ವವೇ ಹೇಳುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯ ದೀರ್ಘ ಸತ್ರ ನಡೆಸುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬಂತು. ಜನಮೇಜಯನ ತಮ್ಮಂದಿರು ಅದನ್ನು ಹೊಡೆದು ಓಡಿಸಿದರು. ಮರಿ ಅಳುತ್ತ ತಾಯಿಯ ಬಳಿ ಹೋಯಿತು. ನೀನೇನಾದರೂ ತಪ್ಪು ಮಾಡಿರಬೇಕು ಎಂದಳು ತಾಯಿ. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎಂದಿತು ಮರಿ. ಸರಮೆ ಯಜ್ಞಶಾಲೆಗೆ ಬಂದು, ತಪ್ಪು ಮಾಡದ ಮಗನನ್ನು ಹೊಡೆದಿರೇಕೆ ಎಂದು ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಕಾಡಲಿ ಎಂದು ಅವಳು ಶಪಿಸಿದಳು. ತಪ್ಪು ಯಾವುದೆಂದು ತಿಳಿಯದೆ ಪೆಟ್ಟು ತಿನ್ನುವ ಮರಿಯ ಈ ಕತೆ ಮುಂದೆಯೂ ನೆನಪಿಗೆ ಬರಬೇಕಾದದ್ದು.

ಹಳ್ಳಿಮನೆಯೇ ಕಲಿಸಿದ ಪಾಠ

ಮಂಡ್ಯ ಸೀಮೆಯ ಹಳೆಯ ಮನೆಯ ವಿನ್ಯಾಸವನ್ನು ನೆನಪಿಸಿಕೊಳ್ಳಬಹುದು. ಬೀದಿಗೆ ಜಗುಲಿ, ಒಳಗೆ ತೊಟ್ಟಿ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಹಿತ್ತಲು, ಅದರಾಚೆ ತಿಪ್ಪೆ, ಹುಲ್ಲಿನ ಮೆದೆ. ನಾಯಿಗೆ ಜಗುಲಿಯ ಕೆಳಗೆ ಜಾಗ, ರಾತ್ರಿ ಕಣದಲ್ಲೋ ಆಲೆಮನೆಯಲ್ಲೋ ಕಾವಲು. ಮನೆಮಂದಿ ಉಂಡು ಉಳಿದ ಮುದ್ದೆ, ಅಂಬಲಿ ಅದರ ಪಾಲು. ಅದು ಹೆತ್ತು ಮಲಗುತ್ತಿದ್ದದ್ದು ಮೆದೆಯ ಸಂದಿಯಲ್ಲಿ. ಅಲ್ಲಿ ಹುಟ್ಟಿದ ಮರಿಗೆ ಶೌಚದ ಪಾಠವನ್ನು ಯಾರೂ ಹೇಳಿಕೊಡಲಿಲ್ಲ, ಆದರೂ ಅದು ಕಲಿಯಿತು. ಹೇಗೆ?

ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಮೂತ್ರ ಮಾಡುವ ಶಕ್ತಿಯೂ ಇರುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸುತ್ತಾಳೆ, ತಾನೇ ಶುಚಿ ಮಾಡುತ್ತಾಳೆ. ಮೂರನೆಯ ವಾರದ ಸುಮಾರಿಗೆ ಕಾಲು ಬಲಿತ ಮರಿ ಮಲಗುವ ಜಾಗ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತದೆ. ಎಂಟು ಒಂಬತ್ತು ವಾರಗಳ ಹೊತ್ತಿಗೆ ತನಗೊಂದು ನಿಶ್ಚಿತ ಜಾಗವನ್ನು ಆರಿಸಿಕೊಳ್ಳತೊಡಗುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ ಈ ಬಗೆಯ ಹಂತಗಳನ್ನು ವಿವರಿಸುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡದಿರುವುದು ಮನುಷ್ಯ ಕಲಿಸಿದ ಶಿಸ್ತಲ್ಲ, ಗುಹೆಯಲ್ಲಿ ಮರಿಹಾಕುವ ತೋಳದ ಕುಲದಿಂದ ಬಂದ ಗುಣ.

ಹಳ್ಳಿಯ ಮರಿಗೆ ಮಲಗುವ ಮೆದೆಯೂ ಕೂರುವ ತಿಪ್ಪೆಯೂ ಹತ್ತು ಮಾರು ದೂರ. ನಡುವೆ ಬಾಗಿಲಿಲ್ಲ, ಚಿಲಕವಿಲ್ಲ. ಕಾಲಿಗೆ ಸಿಕ್ಕಿದ್ದು ಮಣ್ಣು, ಹುಲ್ಲು. ತಾಯಿ ಹೋದ ಕಡೆ ಮರಿ. ಹುಟ್ಟುಗುಣವೂ ಮನೆಯ ವಿನ್ಯಾಸವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಕಲಿಸುವವರೇ ಇಲ್ಲದೆ ಕಲಿಕೆ ಮುಗಿಯುತ್ತಿತ್ತು.

ನಾಲೆ ಬಂತು, ಗಾರೆ ಬಂತು

ಈ ಹೊಂದಾಣಿಕೆ ಕದಲಿದ್ದು 20ನೆಯ ಶತಮಾನದಲ್ಲಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದ ಆರಂಭದಲ್ಲಿ ಹುಲಿಕೆರೆಯ ಸುರಂಗ ಹಾದು ಬಂದ ಇರ್ವಿನ್ ನಾಲೆಯ ನೀರು ರಾಗಿ, ಹುರುಳಿಯ ಬೆದ್ದಲು ನೆಲವನ್ನು ಗದ್ದೆ ಮಾಡಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ ಬಂದವು. ಹೊಸ ನೀರಾವರಿಗೆ ತಕ್ಕ ಬೇಸಾಯವನ್ನು ಪರೀಕ್ಷಿಸಲೆಂದು ನಾಲೆಯ ಹೆಸರಿನಲ್ಲೇ ಒಂದು ಫಾರಂ ತಲೆಯೆತ್ತಿತು. ನಾಲೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದ ಮೇಲೆ ಅದು ವಿಶ್ವೇಶ್ವರಯ್ಯ ನಾಲಾ ಫಾರಂ, ಜನರ ಬಾಯಲ್ಲಿ ವಿ.ಸಿ. ಫಾರಂ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರ ಕರ್ಮಭೂಮಿ ಅದು. 1991ರಲ್ಲಿ ಅಲ್ಲಿ ಕೃಷಿ ಕಾಲೇಜೂ ಆರಂಭವಾಯಿತು.

ಕಾರ್ಖಾನೆ, ಕಚೇರಿ, ಕಾಲೇಜುಗಳ ಹಿಂದೆ ಸಂಬಳದ ನೌಕರರು ಬಂದರು, ಅವರ ಹಿಂದೆ ಹೊಸ ಬಗೆಯ ಮನೆಗಳು. ಸಗಣಿ ಸಾರಿಸಿದ ನೆಲದ ಜಾಗಕ್ಕೆ ಗಾರೆ ಬಂತು, ಆಮೇಲೆ ಕೆಂಪು ನೆಲ, ಮೊಸಾಯಿಕ್, ಟೈಲ್ಸ್. ಕೊಟ್ಟಿಗೆ ಹೋಯಿತು, ಹಿತ್ತಲು ಕಿರಿದಾಯಿತು, ಜಗುಲಿ ಇದ್ದಲ್ಲಿ ಗೇಟು ನಿಂತಿತು. ಮಣ್ಣಿನ ನೆಲ ಒಂದಿಷ್ಟನ್ನು ಹೀರಿಕೊಳ್ಳುತ್ತಿತ್ತು, ಮರುದಿನ ಸಗಣಿ ಸಾರಿಸಿದರೆ ಆಯಿತು. ಹೊಳೆಯುವ ನೆಲ ಏನನ್ನೂ ಮುಚ್ಚಿಡುವುದಿಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ಮೌನ ಕ್ರಾಂತಿಯೂ ನಡೆಯಿತು. ಮನುಷ್ಯನ ಶೌಚ ಹೊರಗಿನಿಂದ ಒಳಗೆ ಬಂತು. ‘ಕೆರೆಕಡೆಗೆ ಹೋಗುವುದು’, ‘ಬಯಲುಕಡೆ’, ‘ಹೊರಕಡೆ’ ಎಂಬ ಮಾತುಗಳೇ ಸಾಕ್ಷಿ: ನಮ್ಮ ಭಾಷೆಯಲ್ಲಿ ಶೌಚ ಎಂದರೆ ಮನೆಯಿಂದ ಆಚೆ ಹೋಗುವುದು. ಪಾಯಿಖಾನೆಯನ್ನು ಹಿತ್ತಲ ಮೂಲೆಗೆ ಒಪ್ಪಿಕೊಳ್ಳಲು ಒಂದು ತಲೆಮಾರು ಬೇಕಾಯಿತು, ಮಲಗುವ ಕೋಣೆಯ ಪಕ್ಕಕ್ಕೆ ತರಲು ಇನ್ನೊಂದು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದಾಗಲೂ ಹಳ್ಳಿಗಳಲ್ಲಿ ಎದುರಾದ ದೊಡ್ಡ ತೊಡಕು ಕಟ್ಟಡದ್ದಲ್ಲ, ರೂಢಿಯದು. ಮನುಷ್ಯ ಒಳಗೆ ಹೋಗುವುದನ್ನು ಕಲಿಯುತ್ತಿದ್ದ ಮನೆಗೇ ನಾಯಿಮರಿ ಬಂದು ಸೇರಿತು. ಅದಕ್ಕೆ ಮಾತ್ರ ಹೊರಗೆ ಹೋಗುವುದನ್ನು ಕಲಿಸಬೇಕಾಯಿತು! ರೂಢಿ ಬದಲಿಸುವುದು ಎಷ್ಟು ಕಷ್ಟವೆಂದು ಬಲ್ಲ ಮನುಷ್ಯ ಎರಡು ತಿಂಗಳ ಮರಿ ಒಂದು ವಾರದಲ್ಲಿ ಕಲಿಯಲಿಲ್ಲವೆಂದು ಸಿಟ್ಟಾಗುತ್ತಾನೆ.

ಬೆತ್ತದಿಂದ ಬಿಸ್ಕತ್ತಿನವರೆಗೆ

ಒಳಮನೆಯ ನಾಯಿ ನಮಗೆ ಬಂದದ್ದು ದಂಡು ಪ್ರದೇಶದ ಬಂಗಲೆಗಳಿಂದ. ಬ್ರಿಟಿಷ್ ಅಧಿಕಾರಿಗಳ ಸ್ಪೇನಿಯಲ್, ಟೆರಿಯರ್‌ಗಳು ಬೇಟೆಗೂ ಬೆಂಕಿಗೂಡಿನ ಮುಂದಿನ ಬೆಚ್ಚನೆಗೂ ಒಗ್ಗಿದವು. ಸ್ವಾತಂತ್ರ್ಯಾನಂತರ ಮಧ್ಯಮ ವರ್ಗದ ಮನೆಗಳಿಗೆ ಪಾಮೇರಿಯನ್, ಆಲ್ಸೇಷಿಯನ್‌ಗಳು ಬಂದವು, ಆಮೇಲೆ ಲ್ಯಾಬ್ರಡಾರ್. ಈಚೆಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೂ ನಗರದಲ್ಲಿ ಬೇಡಿಕೆ. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರು ಮಾಡಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ನಾಯಿ ಬಯಲಿನಲ್ಲಿ ಓಡಲು ಹುಟ್ಟಿದ್ದು.

ನಾಯಿಯ ಜೊತೆ ಅದನ್ನು ತಿದ್ದುವ ವಿಧಾನವೂ ಬಂತು. ಪಶ್ಚಿಮದಲ್ಲೂ ಬಹುಕಾಲ ನಂಬಿಕೆ ಇದ್ದದ್ದು ಶಿಕ್ಷೆಯ ಮೇಲೆ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿ ಬಹುಮಾನವನ್ನು ಹೇಳಿದರೂ ದಂಡನೆಗೆ ದೊಡ್ಡ ಸ್ಥಾನ ಕೊಟ್ಟಿತು. ಹೊಲಸು ಮಾಡಿದ ಜಾಗಕ್ಕೆ ಮರಿಯ ಮೂತಿ ಉಜ್ಜುವ ಪದ್ಧತಿ ನಮ್ಮ ಮನೆಗಳಲ್ಲೂ ಇಂದಿಗೂ ಇದೆ. ಇನ್ನೊಂದು ದಾರಿ ತೋರಿದ್ದು ಪ್ರಯೋಗಾಲಯ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್, ಊಟದ ಮುನ್ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಅಮೆರಿಕದ ಬಿ.ಎಫ್. ಸ್ಕಿನ್ನರ್ 1951ರಲ್ಲಿ ಬರೆದ ಲೇಖನವೊಂದರಲ್ಲಿ, ಸರಿಯಾದ ವರ್ತನೆಗೆ ಆ ಕ್ಷಣವೇ ಸಿಗುವ ಬಹುಮಾನದಿಂದ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು.

‘ಆ ಕ್ಷಣವೇ’ ಎಂಬುದು ಇಲ್ಲಿ ಮುಖ್ಯ. ಬೆಳಿಗ್ಗೆ ಮಾಡಿದ್ದಕ್ಕೆ ಮಧ್ಯಾಹ್ನ ಹೊಡೆದರೆ ಮರಿಗೆ ಎರಡರ ಸಂಬಂಧ ತಿಳಿಯದು. ಕಿವಿ ಮುದುಡಿ, ಬಾಲ ಮಡಿಚಿ ಕುಳಿತದ್ದನ್ನು ಕಂಡು ‘ನೋಡಿ, ತಪ್ಪು ಗೊತ್ತಿದೆ’ ಎನ್ನುವವರುಂಟು. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಪರೀಕ್ಷಿಸಿತು. ಬೈಸಿಕೊಂಡಾಗ, ತಪ್ಪು ಮಾಡದ ನಾಯಿಗಳೂ ಅದೇ ಮುಖ ಮಾಡಿದವು. ಆ ಮುಖ ಪಶ್ಚಾತ್ತಾಪದ್ದಲ್ಲ, ಒಡೆಯನ ಕೋಪಕ್ಕೆ ಉತ್ತರ. ಸರಮೆಯ ಮರಿಯ ಪರವಾಗಿ ಕೊನೆಗೂ ಒಂದು ಸಾಕ್ಷ್ಯ ಸಿಕ್ಕಂತಾಯಿತು.

ಹೊಡೆತದಿಂದ ಮರಿ ಒಂದನ್ನಂತೂ ಕಲಿಯುತ್ತದೆ: ಇವರ ಕಣ್ಣೆದುರು ಕೂರಬಾರದು. ಆಮೇಲೆ ಅದು ಮಂಚದ ಕೆಳಗೆ, ಬೀರುವಿನ ಹಿಂದೆ ಜಾಗ ಹುಡುಕುತ್ತದೆ. ಹೊರಗೆ ಕರೆದೊಯ್ದಾಗ ಒಡೆಯ ಪಕ್ಕದಲ್ಲೇ ಇರುವುದರಿಂದ ತಡೆದುಕೊಂಡು ಮನೆಗೆ ಬಂದು ಮುಗಿಸುತ್ತದೆ. ಮನೆಯವರ ಪಾಲಿಗೆ ಅದು ಹಟಮಾರಿ. ‘ನಾಯಿ ಬಾಲ ಡೊಂಕು’ ಎಂಬ ಗಾದೆ ಸಿದ್ಧವಾಗಿಯೇ ಇದೆ.

ಮಾಡಬೇಕಾದದ್ದು ಸರಳ, ಆದರೆ ಹೊತ್ತಿಗೆ ಸರಿಯಾಗಿ ನಡೆಯಬೇಕು. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಪೂರ್ಣ ಹಿಡಿತ ಬರಲು ನಾಲ್ಕರಿಂದ ಆರು ತಿಂಗಳು ತುಂಬಬೇಕು. ನಿದ್ದೆಯಿಂದ ಎದ್ದ ಕೂಡಲೆ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದೊಡನೆ, ಮಲಗುವ ಮುನ್ನ ಒಂದೇ ಜಾಗಕ್ಕೆ ಕರೆದೊಯ್ದರೆ, ಮುಗಿಸಿದ ಕ್ಷಣವೇ ಮೆಚ್ಚಿದರೆ, ಮರಿ ಆ ಜಾಗಕ್ಕೂ ಆ ಕೆಲಸಕ್ಕೂ ಗಂಟು ಹಾಕಿಕೊಳ್ಳುತ್ತದೆ. ಊಟದ ಹೊತ್ತು ನಿಶ್ಚಿತವಾಗಿದ್ದರೆ ಉಳಿದ ಹೊತ್ತೂ ನಿಶ್ಚಿತ. ಒಳಗೆ ತಪ್ಪಿದಲ್ಲಿ ವಾಸನೆ ಉಳಿಯದಂತೆ ತೊಳೆಯಬೇಕು, ಏಕೆಂದರೆ ಮೂಗೇ ಅದರ ನೆನಪು. ಕಾಲಡಿಯ ಸ್ಪರ್ಶವೂ ಒಂದು ಗುರುತು. ಗೋಣಿಚೀಲದ ಮೇಲೆ ಬೆಳೆದ ಮರಿ ಕಾಲೊರಸಿನ ಮೇಲೆ ಕೂತರೆ ಅದು ತುಂಟತನವಲ್ಲ, ಕಲಿತ ಪಾಠದ ಪಾಲನೆ.

ನಗರದ ಮರಿಗೆ ಇನ್ನೊಂದು ತೊಡಕಿದೆ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಪಾರ್ವೊ ವೈರಸ್ ಲಸಿಕೆ ಪೂರ್ಣವಾಗದ ಮರಿಗಳಿಗೆ ಪ್ರಾಣಾಂತಿಕ. ಆದ್ದರಿಂದ ಬೇರೆ ನಾಯಿಗಳು ಓಡಾಡುವ ಬೀದಿಗೆ ಕೂಡಲೆ ಇಳಿಸುವಂತಿಲ್ಲ. ಆ ಕೆಲವು ವಾರಗಳ ಮಟ್ಟಿಗೆ ಬಾಲ್ಕನಿಯಲ್ಲೋ ಬಚ್ಚಲಿನಲ್ಲೋ ಹಾಸಿದ ಹಳೆಯ ದಿನಪತ್ರಿಕೆಯೇ ಮರಿಯ ಹಿತ್ತಲು. ಸುದ್ದಿಪತ್ರಿಕೆಗೆ ಇಂಥದೊಂದು ಸಾರ್ಥಕತೆಯೂ ಉಂಟು! ಅಂಗಳವುಳ್ಳ ಮನೆಗಳಿಗೆ, ವಿ.ಸಿ. ಫಾರಂನಂಥ ಮರಗಿಡಗಳ ಜಾಗಗಳಿಗೆ ಈ ಕಷ್ಟ ಕಡಿಮೆ. ಅಲ್ಲಿ ಮಣ್ಣು ಇನ್ನೂ ಬಾಗಿಲಿನ ಹತ್ತಿರವೇ ಇದೆ.

ಬೀದಿಗೆ ಬಿದ್ದ ಮರಿ

ಇದು ಬರಿಯ ನೆಲ ಒರೆಸುವ ತಾಪತ್ರಯವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕಲಿಯದ ಮರಿಯ ಗತಿಯೇನು ಎಂಬುದು ಮುಖ್ಯ. ಮೊದಲು ಪೆಟ್ಟು, ಆಮೇಲೆ ದಿನವಿಡೀ ಗೇಟಿನ ಬಳಿ ಸರಪಳಿ. ಕಟ್ಟಿದಲ್ಲೇ ಕೂರಬೇಕಾದ ನಾಯಿ ಹುಟ್ಟಿನಿಂದ ಬಂದ ಶುಚಿಯ ಗುಣವನ್ನೂ ಕಳೆದುಕೊಳ್ಳುತ್ತದೆ. ಕೊನೆಗೊಂದು ಸಂಜೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಊರಾಚೆ ಬಿಟ್ಟು ಬರುವುದು. ಹಳ್ಳಿಯ ನಾಯಿಗೆ ಒಂದು ಬೀದಿಯಾದರೂ ತನ್ನದೆನ್ನಲು ಇತ್ತು. ಮನೆಯೊಳಗೆ ಬೆಳೆದು ಬೀದಿಗೆ ಬಿದ್ದ ನಾಯಿಗೆ ಎರಡೂ ಇಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ, ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ನೋವು, ಹಸಿವಿಗೆ ಗುರಿಯಾಗುವಂತೆ ಬಿಟ್ಟುಹೋಗುವುದು, ಗಿಡ್ಡ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು ಅಪರಾಧ. ಮೊದಲ ಅಪರಾಧಕ್ಕೆ ಕಾಯ್ದೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲಿ ಬಂದ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸ ನಿಯಮಗಳು ಬಂದವು. 2025ರಲ್ಲಿ ಬೀದಿನಾಯಿಗಳ ವಿಷಯ ಸುಪ್ರೀಂ ಕೋರ್ಟಿನಲ್ಲಿ ದೇಶದ ಗಮನ ಸೆಳೆಯಿತು. ನಾಯಿ ಕಚ್ಚಿಸಿಕೊಂಡವರ ಸಂಕಟವೂ ನಿಜ, ರೇಬಿಸ್ ಭಯವೂ ನಿಜ. ಆದರೆ ಬೀದಿಯ ನಾಯಿಗಳನ್ನು ಎಣಿಸುವಾಗ, ಮನೆಯ ಬಾಗಿಲಿನಿಂದಲೇ ಬೀದಿಗೆ ಹೋದವುಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಆತಕೂರಿನ ಕಲ್ಲು ಈಗ ಆತಗೂರಿನಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಲ್ಲಿಗೆ ಪೂಜೆ ಸಲ್ಲಿಸುವ ಗೊರವನೂ ಇಲ್ಲ. ಆದರೆ ಆ ಕಟ್ಟಳೆಯ ತಿರುಳು ಹಳೆಯದಾಗಿಲ್ಲ. ಮಣಲೆರ ನಾಯಿಯನ್ನು ಕೇಳಿ ಪಡೆದವನು. ಕೇಳಿ ಪಡೆದದ್ದಕ್ಕೆ ಹೊಣೆಯಾದ, ಅದು ಸತ್ತ ಮೇಲೂ ಅದರ ಪಾಲಿನ ದಿನದ ಕೆಲಸ ತಪ್ಪದಂತೆ ಏರ್ಪಾಡು ಮಾಡಿದ. ಇಂದು ಮರಿಯನ್ನು ಮನೆಗೆ ತರುವವರೂ ಕೇಳಿ ತರುವವರೇ. ಹೊಸ್ತಿಲಿನಾಚೆ ಇದ್ದುದನ್ನು ಒಳಗೆ ಕರೆದವರು ನಾವು. ಹೊರಗಿನ ದಾರಿಯನ್ನು ತೋರಿಸಬೇಕಾದವರೂ ನಾವೇ. ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣುವಂತಿರಲಿಲ್ಲ. ಹೊಸ ಮರಿ ತಂದವರು ಬೆಳಿಗ್ಗೆ ಅದನ್ನು ಹೊರಗೆ ಕರೆದೊಯ್ಯದೆ ಕಾಫಿ ಲೋಟಕ್ಕೆ ಕೈ ಹಾಕದಿದ್ದರೆ ಅರ್ಧ ಪಾಠ ಮುಗಿದಂತೆಯೇ.